ಇಂಫಾಲ 1944: ಹರಿಕೇನ್ ವಿಮಾನದ ಡಯೋರಾಮಾ ಕಟ್ಟುವುದು ಹೇಗೆ?

ಒಂದೆರಡು ವಿಮಾನದ ಕಿಟ್ ಜೋಡಿಸಿ ಷೋಕೇಸಿನಲ್ಲಿ ಇಟ್ಟವರೆಲ್ಲ ಆಮೇಲೆ ಕೇಳುವ ಪ್ರಶ್ನೆ ಒಂದೇ. ಇದನ್ನು ನೆಲದ ಮೇಲೆ ನಿಲ್ಲಿಸಿ, ಸುತ್ತ ಮಣ್ಣು, ಹುಲ್ಲು, ಜನ ಎಲ್ಲ ಸೇರಿಸಿ ಡಯೋರಾಮಾ ಮಾಡುವುದು ಹೇಗೆ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಡಯೋರಾಮಾ ಅಂದರೆ ಒಂದು ಜಾಗದ ಒಂದು ಗಳಿಗೆಯನ್ನು ಚಿಕ್ಕ ಅಳತೆಯಲ್ಲಿ ಕಟ್ಟಿ ನಿಲ್ಲಿಸುವುದು. ವಿಮಾನ ಅದರಲ್ಲಿ ಒಂದು ಪಾತ್ರ ಅಷ್ಟೇ. ಹಾಗಾಗಿ ಮೊದಲು ಜಾಗ ಮತ್ತು ದಿನ ಗೊತ್ತಾಗಬೇಕು, ಪ್ಲಾಸ್ಟಿಕ್ ಕತ್ತರಿಸುವುದು ಆಮೇಲೆ. ಕಿಟ್ ತಂದು, ವಿಮಾನ ಮುಗಿಸಿ, ಕೊನೆಗೆ ಕೆಳಗೆ ಏನು ಹಾಕಲಿ ಅಂತ ಯೋಚಿಸುವವರೇ ಜಾಸ್ತಿ. ಅಲ್ಲೇ ಕೆಲಸ ಕೆಡುವುದು. ಚಕ್ರಕ್ಕೆ ಎಷ್ಟು ಕೆಸರು, ಬಣ್ಣ ಎಷ್ಟು ಮಾಸಿರಬೇಕು, ಕಾಕ್‌ಪಿಟ್ಟಿನ ಗಾಜು ತೆರೆದಿರಬೇಕೋ ಮುಚ್ಚಿರಬೇಕೋ, ಇವಕ್ಕೆಲ್ಲ ಉತ್ತರ ಕೊಡುವುದು ಆ ದಿನವೇ.

1. ದಿನ ಮತ್ತು ಜಾಗ ಗೊತ್ತು ಮಾಡಿಕೊಳ್ಳಿ

ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ಎರಡನೇ ಮಹಾಯುದ್ಧದ ಸಮಯ, 1944ರ ಜೂನ್, ಮಣಿಪುರದ ಇಂಫಾಲ. ಮಾರ್ಚ್ ಕೊನೆಗೆ ಜಪಾನಿ ಸೇನೆ ಕೊಹಿಮಾ-ಇಂಫಾಲ ರಸ್ತೆಯನ್ನು ಕಡಿದು ಹಾಕಿತ್ತು. ಜೂನ್ 22ಕ್ಕೆ ರಸ್ತೆ ಮತ್ತೆ ತೆರೆಯುವವರೆಗೂ ಊಟ, ಮದ್ದುಗುಂಡು, ಪೆಟ್ರೋಲ್ ಎಲ್ಲವೂ ವಿಮಾನದಲ್ಲೇ ಬರಬೇಕಿತ್ತು. ಅಲ್ಲಿಂದ ಹರಿಕೇನ್ (ಬ್ರಿಟಿಷರ ಒಂದೇ ಎಂಜಿನ್ನಿನ ಯುದ್ಧವಿಮಾನ) ಹಾರಿಸುತ್ತಿದ್ದದ್ದು ಇಂಡಿಯನ್ ಏರ್ ಫೋರ್ಸಿನ ನಂ. 1 ಸ್ಕ್ವಾಡ್ರನ್. ಮುಂದಾಳು ಸ್ಕ್ವಾಡ್ರನ್ ಲೀಡರ್ ಅರ್ಜನ್ ಸಿಂಗ್, ಮುಂದೆ ಮಾರ್ಷಲ್ ಆಫ್ ದಿ ಏರ್ ಫೋರ್ಸ್ ಆದವರು. ಅದೇ ಜೂನ್‌ನಲ್ಲಿ ಅವರಿಗೆ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಬಂತು. ಕೆಳಮಟ್ಟದಲ್ಲಿ ಹಾರಿ ಶತ್ರು ಎಲ್ಲಿದ್ದಾನೆ ಅಂತ ನೋಡಿಕೊಂಡು ಬರುವುದು ಈ ಸ್ಕ್ವಾಡ್ರನ್ನಿನ ಮುಖ್ಯ ಕೆಲಸ.

ಯುದ್ಧವಿಮಾನದ ಡಯೋರಾಮಾ ಅಂದ ತಕ್ಷಣ ಇಂಗ್ಲೆಂಡಿನ ಹುಲ್ಲುಗಾವಲು, ಸ್ಪಿಟ್‌ಫೈರ್ ಇವೇ ಎಲ್ಲರ ಮನಸ್ಸಿಗೆ ಬರುತ್ತವೆ. ಅದೂ ಚೆನ್ನಾಗಿರುತ್ತದೆ. ಆದರೆ ನಮ್ಮದೇ ಹುಡುಗರು, ನಮ್ಮದೇ ಮಳೆಗಾಲದಲ್ಲಿ ಹಾರಿಸಿದ ವಿಮಾನವನ್ನು ನಾವು ಕಟ್ಟದಿದ್ದರೆ ಬೇರೆ ಯಾರು ಕಟ್ಟುತ್ತಾರೆ?

ದೃಶ್ಯ ಇದು: ಮಳೆ ಸ್ವಲ್ಪ ಬಿಟ್ಟಿದೆ. ಹರಿಕೇನ್ ಈಗ ತಾನೇ ಇಳಿದು, ಮಣ್ಣಿನ ತಡೆಗೋಡೆಯ ಪಕ್ಕ ನಿಂತಿದೆ. ಒಬ್ಬ ರೆಕ್ಕೆ ಹತ್ತಿ ಪೆಟ್ರೋಲ್ ತುಂಬಿಸುತ್ತಿದ್ದಾನೆ, ಇನ್ನೊಬ್ಬ ಕೆಳಗೆ ಪೀಪಾಯಿಯ ಹತ್ತಿರ ಕೈಪಂಪು ಒತ್ತುತ್ತಿದ್ದಾನೆ. ಪೈಲಟ್ ನಕ್ಷೆ ಬಿಡಿಸಿ ಅಧಿಕಾರಿಗೆ ಏನೋ ತೋರಿಸುತ್ತಿದ್ದಾನೆ. ಇಷ್ಟೇ ಸಾಕು. ಇದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ಗನ್ ಬಾಗಿಲು ತೆರೆದಿಡುವುದಕ್ಕೆ, ಎಂಜಿನ್ ಮುಚ್ಚಳ ಬಿಚ್ಚಿಡುವುದಕ್ಕೆ ಕಿಟ್ ಕೊರೆಯಬೇಕು. ಪೆಟ್ರೋಲ್ ತುಂಬಿಸುವುದಕ್ಕೆ ಏನನ್ನೂ ಕೊರೆಯಬೇಕಿಲ್ಲ.

ಕೂತು ಒಂದು ಹಾಳೆಯ ಮೇಲೆ ಡಯೋರಾಮಾ ಎಷ್ಟು ದೊಡ್ಡದೋ ಅದೇ ಅಳತೆಯಲ್ಲಿ ನೆಲದ ನಕ್ಷೆ ಬರೆಯಿರಿ. ಇದನ್ನು ಬಿಡಬೇಡಿ.

2. ಅಳತೆ ಮತ್ತು ಕಿಟ್

1/72 ಅಂದರೆ ನಿಜವಾದ ವಸ್ತುವಿನ 72ನೇ ಒಂದು ಭಾಗ. ಹರಿಕೇನ್ ರೆಕ್ಕೆಯ ಅಗಲ 12.19 ಮೀಟರ್, ಹಾಗಾದರೆ ಮಾಡೆಲ್ ಸುಮಾರು 17 ಸೆಂ.ಮೀ. 1/48ರಲ್ಲಿ ಅದೇ 25 ಸೆಂ.ಮೀ. ದಾಟುತ್ತದೆ, ನೆಲವೂ ಅಷ್ಟೇ ದೊಡ್ಡದಾಗುತ್ತದೆ. ಮೊದಲ ಡಯೋರಾಮಾಕ್ಕೆ 1/72 ಸಾಕು.

ಏರ್‌ಫಿಕ್ಸ್, ರೆವೆಲ್, ಹಸೆಗಾವಾ, ಅರ್ಮಾ ಹಾಬಿ ಎಲ್ಲರೂ ಈ ಅಳತೆಯಲ್ಲಿ ಹರಿಕೇನ್ ಮಾಡಿದ್ದಾರೆ. ಕೊಳ್ಳುವಾಗ ಬಾಕ್ಸ್ ಮೇಲೆ ಮಾರ್ಕ್ (ವಿಮಾನದ ಯಾವ ಆವೃತ್ತಿ ಅನ್ನುವುದು) ನೋಡಿ. ನಮಗೆ ಬೇಕಾದದ್ದು ಮಾರ್ಕ್ 2ಸಿ. ಅದರ ರೆಕ್ಕೆಯ ಮುಂದೆ 20 ಎಂ.ಎಂ. ಫಿರಂಗಿಗಳ ಉದ್ದನೆಯ ನಳಿಗೆಗಳು ಚಾಚಿಕೊಂಡಿರುತ್ತವೆ. ಮಾರ್ಕ್ 1ರಲ್ಲಿ ರೆಕ್ಕೆಯೊಳಗೆ ಎಂಟು ಸಣ್ಣ ಮೆಷಿನ್ ಗನ್, ಹೊರಗೆ ಏನೂ ಕಾಣುವುದಿಲ್ಲ. ಮೂತಿಯ ಕೆಳಗೆ ಗದ್ದದ ಹಾಗೆ ಉಬ್ಬಿದ ವೋಕ್ಸ್ ಫಿಲ್ಟರ್ (ಎಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ಪೆಟ್ಟಿಗೆ) ಬಾಕ್ಸಿನಲ್ಲಿ ಇದೆಯಾ ಅಂತಲೂ ನೋಡಿಕೊಳ್ಳಿ. ಬರ್ಮಾ ಗಡಿಯ ಹರಿಕೇನ್‌ಗಳಲ್ಲಿ ಅದು ಸಾಮಾನ್ಯ.

ಲಾರಿ, ಟ್ಯಾಂಕರ್ ಸೇರಿಸುವ ಆಸೆ ಇದ್ದರೆ ಎಚ್ಚರ. ಏರ್‌ಫಿಕ್ಸಿನ ಹಳೆಯ ವಾಹನಗಳೆಲ್ಲ 1/76 ಅಳತೆಯವು. ಲಾರಿ ದೂರದಲ್ಲಿದ್ದರೆ ನಡೆಯುತ್ತದೆ. ಪಕ್ಕದಲ್ಲೇ 1/72ರ ಮನುಷ್ಯ ನಿಂತರೆ ವ್ಯತ್ಯಾಸ ಎದ್ದು ಕಾಣುತ್ತದೆ.

3. ಸಾಮಾನು

ಸ್ಪ್ರೂ ಕಟ್ಟರ್ (ಸ್ಪ್ರೂ ಅಂದರೆ ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು), ಹಾಬಿ ನೈಫ್, ಚಿಮಟ, 400, 800, 1500 ನಂಬರಿನ ನೀರು ಉಜ್ಜು ಕಾಗದ, ಪ್ಲಾಸ್ಟಿಕ್ ಸಿಮೆಂಟ್, ಪುಟ್ಟಿ, ಪ್ರೈಮರ್, ಬಣ್ಣ, ಎರಡು ಒಳ್ಳೆಯ ಬ್ರಷ್. ದುಡ್ಡು ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ, ಬ್ರಷ್‌ನಲ್ಲಿ ಬೇಡ.

ನೆಲಕ್ಕೆ ಬೇಕಾದದ್ದು ಹೆಚ್ಚುಕಮ್ಮಿ ಮನೆಯಲ್ಲೇ ಇದೆ: ಫೆವಿಕಾಲ್, ಜರಡಿ ಹಿಡಿದ ಮಣ್ಣು, ತೆಂಗಿನ ನಾರು, ಮರದ ಹೊಟ್ಟು, ಗಾಜ್ ಬ್ಯಾಂಡೇಜ್, ಟಿಶ್ಯೂ ಪೇಪರ್, ಥರ್ಮೋಕೋಲ್, ಎಂ-ಸೀಲ್. ಕೆಳಗೆ ಹಲಗೆಗೆ 25×30 ಸೆಂ.ಮೀ. ಫೋಟೋ ಫ್ರೇಮ್ ಆದರೆ ಅಂಚು ಸಿದ್ಧವಾಗಿಯೇ ಸಿಗುತ್ತದೆ.

4. ವಿಮಾನ ಜೋಡಿಸುವುದು

ಸ್ಪ್ರೂಗಳನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಬಿಡಿಭಾಗವನ್ನು ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಬೇಡಿ. ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದದ್ದನ್ನು ಚಾಕುವಿನಿಂದ ಕೆರೆದು ಉಜ್ಜಿ.

ಕಾಕ್‌ಪಿಟ್ಟಿನ ಒಳಗೆ ಬೂದು-ಹಸಿರು. ಅಂಟಿಸುವ ಮೊದಲೇ ಬಣ್ಣ ಹಚ್ಚಿ ಮುಗಿಸಿ, ಆಮೇಲೆ ಒಡಲಿನ ಎರಡು ಹೋಳು ಮುಚ್ಚಿ. ತೆಳು ಸಿಮೆಂಟನ್ನು ಹಚ್ಚಿ ಒತ್ತುವುದಲ್ಲ. ಎರಡು ಹೋಳನ್ನೂ ಒತ್ತಿ ಹಿಡಿದು ಸಂದಿಗೆ ಬ್ರಷ್ ತುದಿ ತಾಕಿಸಿದರೆ ತಾನೇ ಒಳಗೆ ಹರಿಯುತ್ತದೆ. ನಿಮ್ಮ ಬೆರಳು ಸಂದಿಯ ಮೇಲೆ ಇರಬಾರದು. ಇದ್ದರೆ ಬೆರಳಿನ ಗುರುತು ಪ್ಲಾಸ್ಟಿಕ್ಕಿನಲ್ಲಿ ಉಳಿದುಬಿಡುತ್ತದೆ.

ರೆಕ್ಕೆ ಅಂಟಿಸಿದ ಮೇಲೆ ಎದುರಿನಿಂದ ಕಣ್ಣಿನ ಮಟ್ಟದಲ್ಲಿ ನೋಡಿ. ಎರಡೂ ತುದಿ ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಹಾರುತ್ತಿರುವ ಮಾಡೆಲ್‌ನಲ್ಲಿ ಸಣ್ಣ ಓರೆ ಗೊತ್ತಾಗುವುದಿಲ್ಲ, ಇಲ್ಲಿ ನೆಲವೇ ಅಳತೆಗೋಲು. ಚಕ್ರದ ಕಾಲುಗಳಿಗೂ ಇದೇ ಮಾತು.

ಗಾಜಿನ ಭಾಗಕ್ಕೆ ಫೆವಿಕ್ವಿಕ್ ಯಾವತ್ತೂ ಬೇಡ. ಅದರ ಆವಿ ಕೂತು ಗಾಜು ಬೆಳ್ಳಗೆ ಮಂಜಾಗುತ್ತದೆ. ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೇ ಇಲ್ಲ. ನಮ್ಮ ಪೈಲಟ್ ಕೆಳಗೆ ಇಳಿದಿದ್ದಾನೆ, ಆದ್ದರಿಂದ ಗಾಜನ್ನು ಹಿಂದಕ್ಕೆ ಸರಿಸಿ ಅಂಟಿಸಿ.

5. ಬಣ್ಣ

ಬರ್ಮಾ ರಣರಂಗದ ಹರಿಕೇನ್‌ಗೆ ಮೇಲೆ ಡಾರ್ಕ್ ಗ್ರೀನ್ ಮತ್ತು ಡಾರ್ಕ್ ಅರ್ಥ್ (ಕಡು ಹಸಿರು, ಮಣ್ಣಿನ ಕಂದು), ಕೆಳಗೆ ಮೀಡಿಯಂ ಸೀ ಗ್ರೇ. ಹಂಬ್ರೋಲ್ ಕಂಪನಿಯ ಬಣ್ಣಗಳಲ್ಲಿ ಇವು 30, 29 ಮತ್ತು 165. ಟಾಮಿಯಾ ಕಂಪನಿಯದರಲ್ಲಿ ಎಕ್ಸ್‌ಎಫ್-81, ಎಕ್ಸ್‌ಎಫ್-52, ಎಕ್ಸ್‌ಎಫ್-83 ಹತ್ತಿರ ಬರುತ್ತವೆ. ಕೆಳಭಾಗದ ಬೂದು ಮೊದಲು, ಆಮೇಲೆ ಕಂದು, ಕೊನೆಗೆ ಹಸಿರು.

ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ಇಲ್ಲದವರು ಟಾಮಿಯಾ ಅಕ್ರಿಲಿಕ್ ತಗೊಂಡು ಬ್ರಷ್‌ನಲ್ಲಿ ಹಚ್ಚಲು ಹೋಗಿ ಸೋಲುತ್ತಾರೆ. ಎರಡನೇ ಕೋಟ್ ಹಚ್ಚುವಾಗ ಮೊದಲನೆಯದು ಎದ್ದು ಬರುತ್ತದೆ. ಬ್ರಷ್‌ಗೆ ಹಂಬ್ರೋಲ್ ಎನಾಮೆಲ್ ಸುಲಭ. ತೆಳುವಾಗಿ ಎರಡು ಮೂರು ಕೋಟ್, ನಡುವೆ ಒಂದು ರಾತ್ರಿ ಬಿಡಿ. ಪ್ರತಿ ಬಣ್ಣಕ್ಕೂ ಎರಡು ಮೂರು ಹನಿ ತಿಳಿ ಬಣ್ಣ ಬೆರೆಸಿ. ಚಿಕ್ಕ ಮಾಡೆಲ್ ಮೇಲೆ ಡಬ್ಬಿಯ ಬಣ್ಣ ಹಾಗೆಯೇ ಹಚ್ಚಿದರೆ ಜಾಸ್ತಿ ಕಪ್ಪಾಗಿ ಕಾಣುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಇರುವವರಿಗೆ ಒಂದು ಮಾತು. ಜಡಿಮಳೆಯ ದಿನ ಸ್ಪ್ರೇ ಡಬ್ಬಿ ಹಿಡಿಯಬೇಡಿ. ಗಾಳಿಯ ತೇವ ಸೇರಿ ಬಣ್ಣದ ಮೇಲೆ ಬಿಳಿ ಪೊರೆ ಬರುತ್ತದೆ, ವಾರ್ನಿಷ್ ಆದರೆ ಇನ್ನೂ ಬೇಗ. ಬಿಸಿಲು ಬಂದ ದಿನ, ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಹೊಡೆಯಿರಿ.

6. ಡೀಕಾಲ್

ಇಲ್ಲಿ ತಪ್ಪುವವರು ಬಹಳ. ಡೀಕಾಲ್ ಅಂದರೆ ನೀರಿನಲ್ಲಿ ನೆನೆಸಿ ಜಾರಿಸುವ ಗುರುತುಗಳು. ಬಾಕ್ಸಿನಲ್ಲಿ ಬರುವುದು ಸಾಮಾನ್ಯವಾಗಿ ಯುರೋಪಿನ ಗುರುತು, ಕೆಂಪು ಬೊಟ್ಟಿರುವ ವೃತ್ತ. ಅದನ್ನು ಇಂಫಾಲದ ವಿಮಾನಕ್ಕೆ ಹಾಕುವಂತಿಲ್ಲ. ಜಪಾನಿ ವಿಮಾನದ ಗುರುತೂ ಕೆಂಪು ವೃತ್ತವೇ ಆದ್ದರಿಂದ, ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯಬಾರದು ಅಂತ ಈ ಕಡೆ ಕೆಂಪನ್ನೇ ತೆಗೆದುಹಾಕಿದರು. ಕಡು ನೀಲಿ, ಅದರೊಳಗೆ ತಿಳಿ ನೀಲಿ, ಅಷ್ಟೇ. ಬಾಲದ ಮೇಲಿನ ಪಟ್ಟಿಯೂ ಅದೇ ಎರಡು ಬಣ್ಣ. ಯುರೋಪಿನ ವಿಮಾನಕ್ಕೆ ಬಾಲದ ಮುಂದೆ ಸುತ್ತುವ ತಿಳಿ ಬಣ್ಣದ ಪಟ್ಟಿಯನ್ನೂ ಬಿಡಿ. ಇನ್ನು ಬರ್ಮಾ ವಿಮಾನಗಳ ರೆಕ್ಕೆ ಮತ್ತು ಬಾಲದ ಮೇಲೆ ಕಾಣುವ ಅಗಲ ಬಿಳಿ ಪಟ್ಟಿ ಬಂದದ್ದು 1945ರ ಆರಂಭದಲ್ಲಿ. ನಮ್ಮ ಜೂನ್ 1944ರ ವಿಮಾನಕ್ಕೆ ಅದೂ ಬೇಡ.

ಈ ನೀಲಿ ಗುರುತುಗಳ ಡೀಕಾಲ್ ಹಾಳೆ ಬೇರೆಯಾಗಿ ಸಿಗುತ್ತದೆ. 'ಸೀಯಾಕ್' ಅಂತ ಕೇಳಿ, ಅದು ಆಗ್ನೇಯ ಏಷ್ಯಾ ಕಮಾಂಡಿನ ಚಿಕ್ಕ ಹೆಸರು. ವಿಮಾನದ ನಂಬರ್, ಅಕ್ಷರ ಊಹೆಯಿಂದ ಹಾಕಬೇಡಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ ಬರ್ಮಾದ ಇಂಡಿಯನ್ ಏರ್ ಫೋರ್ಸ್ ಫೋಟೋಗಳಿವೆ. ಒಂದು ಫೋಟೋ ಹಿಡಿದು ಅದೇ ವಿಮಾನವನ್ನು ಮಾಡಿ. ದೆಹಲಿ ಕಡೆ ಹೋದರೆ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿ ನಿಜವಾದ ಹರಿಕೇನ್ ಒಂದನ್ನು ಸುತ್ತು ಹಾಕಿ ನೋಡಬಹುದು.

ಡೀಕಾಲ್ ಅಂಟಿಸುವ ಮುಂಚೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ಕಡ್ಡಾಯ. ಒರಟು ಬಣ್ಣದ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಮಿನುಗುತ್ತದೆ. ಹೊಳಪು ಆಮೇಲೆ ಹೋಗುತ್ತದೆ, ಹೆದರಬೇಡಿ.

7. ಹಳತು ಮಾಡುವುದು

ಕಡು ಕಂದು ಆಯಿಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳು ಮಾಡಿ ಮಾಡೆಲ್ ಮೈಮೇಲೆ ಕೊರೆದ ಗೆರೆಗಳಿಗೆ ಹರಿಸಿ, ಅರ್ಧ ಗಂಟೆ ಬಿಟ್ಟು ಒರೆಸಿ. ಇದಕ್ಕೆ ವಾಷ್ ಅನ್ನುತ್ತಾರೆ. ಕೆಳಗೆ ಅಕ್ರಿಲಿಕ್ ವಾರ್ನಿಷ್ ಇಲ್ಲದೆ ನೇರವಾಗಿ ಎನಾಮೆಲ್ ಮೇಲೆ ಮಾಡಿದರೆ ಬಣ್ಣವೂ ಕರಗಿ ಬರುತ್ತದೆ.

ಆಮೇಲೆ ಬಣ್ಣ ಕಿತ್ತು ಲೋಹ ಕಾಣುವ ಚುಕ್ಕೆಗಳು. ಎಲ್ಲರಿಗೂ ಇಷ್ಟವಾದ ಕೆಲಸ, ಎಲ್ಲರೂ ಅತಿ ಮಾಡುವ ಕೆಲಸ. ಹರಿಕೇನ್‌ನಲ್ಲಿ ಕಾಕ್‌ಪಿಟ್ಟಿನ ಹಿಂದಿನ ಒಡಲು ಲೋಹದ್ದಲ್ಲ, ಬಟ್ಟೆ ಹೊದಿಸಿದ್ದು. ಮಾಡೆಲ್‌ನಲ್ಲೂ ಅಲ್ಲಿ ಉದ್ದುದ್ದ ಏಣುಗಳು ಕಾಣುತ್ತವೆ. ಬಾಲವೂ ಬಟ್ಟೆಯೇ. ಅಲ್ಲಿ ಬೆಳ್ಳಿ ಬಣ್ಣ ತಾಕಿಸಿದರೆ ಇಲ್ಲದ ಲೋಹವನ್ನು ತೋರಿಸಿದ ಹಾಗಾಗುತ್ತದೆ. ರೋಟೋಲ್ ಪ್ರೊಪೆಲರ್‌ನ ಅಲಗುಗಳೂ ಬಹುತೇಕ ಮರದವು. ಅವುಗಳ ತುದಿಗೂ ಬೆಳ್ಳಿ ಬೇಡ. ಸವೆತ ಬೇಕಾದ ಜಾಗ ಎಡ ರೆಕ್ಕೆಯ ಬುಡ. ಪೈಲಟ್ ಹತ್ತುವುದು ಇಳಿಯುವುದು ಆ ಕಡೆಯಿಂದ. ಬೂಟಿನ ಕೆಸರೂ ಅಲ್ಲೇ. ಎಂಜಿನ್ನಿನ ಎರಡೂ ಬದಿಯ ಹೊಗೆ ಕೊಳವೆಗಳಿಂದ ಹಿಂದಕ್ಕೆ ಎಳೆದ ಹಾಗೆ ಬೂದು-ಕಂದು ಪುಡಿ ಉಜ್ಜಿ. ಫಿರಂಗಿಗಳ ಹಿಂದೆ ರೆಕ್ಕೆಯ ಅಡಿಯಲ್ಲಿ ಸ್ವಲ್ಪ ಮಸಿ. ಕೊನೆಗೆ ಇಡೀ ವಿಮಾನಕ್ಕೆ ಹೊಳಪಿಲ್ಲದ ವಾರ್ನಿಷ್.

8. ನೆಲ

ತಡೆಗೋಡೆಯಿಂದ ಶುರು ಮಾಡಿ. ಬಾಂಬಿನ ಚೂರು ತಾಗದ ಹಾಗೆ ವಿಮಾನದ ಮೂರು ಕಡೆ ಮಣ್ಣಿನ ಏರಿ ಹಾಕುತ್ತಿದ್ದರು. ಅದನ್ನು ಪೂರ್ತಿ ಕಟ್ಟಲು ನಮ್ಮ ಹಲಗೆ ಸಾಲದು, ಕಟ್ಟಲೂಬೇಡಿ. ಒಂದು ಮೂಲೆ ಮಾತ್ರ ತೋರಿಸಿ, ಉಳಿದದ್ದನ್ನು ಹಲಗೆಯ ಅಂಚು ಕತ್ತರಿಸಿಕೊಂಡು ಹೋಗಲಿ. ಸುಮಾರು 4 ಸೆಂ.ಮೀ. ಎತ್ತರ ಸಾಕು. ಥರ್ಮೋಕೋಲ್ ಕತ್ತರಿಸಿ ಫೆವಿಕಾಲ್‌ನಲ್ಲಿ ಅಂಟಿಸಿ. ಥರ್ಮೋಕೋಲ್‌ಗೆ ಸ್ಪ್ರೇ ಬಣ್ಣ, ಟರ್ಪೆಂಟೈನ್, ಪ್ಲಾಸ್ಟಿಕ್ ಸಿಮೆಂಟ್ ಯಾವುದೂ ತಾಗಬಾರದು, ಕಣ್ಣೆದುರೇ ಕರಗಿ ಗುಂಡಿಯಾಗುತ್ತದೆ. ಮಣ್ಣಿನ ಪದರ ಪೂರ್ತಿ ಮುಚ್ಚಿದ ಮೇಲೆ ತೊಂದರೆ ಇಲ್ಲ.

ವಿಮಾನವನ್ನು ಹಲಗೆಯ ಅಂಚಿಗೆ ಸಮನಾಗಿ ಇಡಬೇಡಿ. ಸ್ವಲ್ಪ ಓರೆಯಾಗಿ ಇಟ್ಟರೆ ನೋಡುವವರ ಕಣ್ಣು ಒಳಗೆ ಹೋಗುತ್ತದೆ.

ಮಣ್ಣಿಗೆ ನಮ್ಮ ಅಂಗಳದ ಕೆಮ್ಮಣ್ಣನ್ನು ಹಾಗೆಯೇ ಹಾಕುವುದು ಬೇಡ. ಇಂಫಾಲ ಕಣಿವೆಯದು ಕಪ್ಪು-ಬೂದು ಛಾಯೆಯ ಜೇಡಿ. ಯಾವ ಮಣ್ಣಾದರೂ ಸರಿ, ಬಣ್ಣ ಬೆರೆಸಿ ಸರಿಮಾಡಬಹುದು. ಆದರೆ ಮೊದಲು ನುಣ್ಣನೆಯ ಜರಡಿಯಲ್ಲಿ ಹಿಡಿದು, ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಹುರಿಯದೆ ಹಾಕಿದರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಹುರಿದ ಮಣ್ಣು, ಸ್ವಲ್ಪ ಮರದ ಹೊಟ್ಟು, ಫೆವಿಕಾಲ್, ನೀರು, ಕಂದು ಅಕ್ರಿಲಿಕ್ ಬಣ್ಣ, ಎಲ್ಲ ಸೇರಿಸಿ ಗಟ್ಟಿ ಹಿಟ್ಟಿನ ಹದಕ್ಕೆ ಕಲಸಿ. ಹೊಟ್ಟು ಹಾಕುವುದು ಬಿರುಕು ಬಾರದಿರಲಿ ಅಂತ. 3 ಮಿ.ಮೀ. ದಾಟದ ಪದರ ಹರಡಿ. ದಪ್ಪ ಬೇಕಾದರೆ ಒಣಗಿದ ಮೇಲೆ ಇನ್ನೊಂದು.

ಹಸಿಯಾಗಿರುವಾಗ ಮಾಡಬೇಕಾದ ಕೆಲಸ ಮೂರಿವೆ. ಮಾಡೆಲ್‌ನ ಚಕ್ರವನ್ನು ಒದ್ದೆ ಮಾಡಿ ಉರುಳಿಸಿ, ವಿಮಾನ ಬಂದು ನಿಂತ ದಾರಿ ಮೂಡಿಸಿ. ಚಕ್ರ ನಿಲ್ಲುವ ಜಾಗವನ್ನು ಸ್ವಲ್ಪ ಒತ್ತಿ ತಗ್ಗು ಮಾಡಿ. ಮನುಷ್ಯರು ಓಡಾಡುವ ದಾರಿಯಲ್ಲಿ ಹೆಜ್ಜೆ ಗುರುತು ಹಾಕಿ. ಕೆಸರಿನ ಮೇಲೆ ತೂಕವೇ ಇಲ್ಲದ ಹಾಗೆ ನಿಂತ ವಿಮಾನವನ್ನು ಎಷ್ಟೊಂದು ಕಡೆ ನೋಡುತ್ತೇವೆ, ಅಲ್ವಾ? ತಗ್ಗು ಇಲ್ಲದ್ದೇ ಕಾರಣ.

ಬರ್ಮಾ ಕಡೆ ಮಳೆಗಾಲಕ್ಕೆ ರಸ್ತೆ, ರನ್‌ವೇಗಳ ಮೇಲೆ ಡಾಂಬರು ಬಳಿದ ಗೋಣಿಬಟ್ಟೆ ಹಾಸುತ್ತಿದ್ದರು. ಅದರ ಹೆಸರು ಬಿಟ್‌ಹೆಸ್. ಹಲಗೆಯ ಒಂದು ಬದಿಗೆ ಅದರ ಅಂಚು ತೋರಿಸಬಹುದು. ಟಿಶ್ಯೂ ಪೇಪರನ್ನು ಉದ್ದ ಪಟ್ಟಿ ಮಾಡಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಒಂದರ ಅಂಚಿನ ಮೇಲೆ ಒಂದು ಬರುವಂತೆ ಹಾಸಿ. ಒಣಗಿದ ಮೇಲೆ ಕಪ್ಪು-ಬೂದು ಬಳಿದು, ಕೆಸರಿನ ವಾಷ್ ಕೊಡಿ. ತುದಿ ಒಂದೆರಡು ಕಡೆ ಹರಿದು ಮೇಲೆದ್ದಿದ್ದರೆ ಇನ್ನೂ ಚೆನ್ನ.

ನೀರು ನಿಂತ ಗುಂಡಿಗೆ ತಳದಲ್ಲಿ ಕಡು ಕಂದು ಬಣ್ಣ, ಮೇಲೆ ಹೊಳಪಿನ ವಾರ್ನಿಷ್ ತೆಳುವಾಗಿ ಹಲವು ಸಲ. ಮಳೆನೀರು ನೀಲಿ ಇರುವುದಿಲ್ಲ. ಹುಲ್ಲಿಗೆ ತೆಂಗಿನ ನಾರನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ, ಕತ್ತರಿಸಿ, ಗುಂಪು ಗುಂಪಾಗಿ ನೆಡಿ. 5 ಮಿ.ಮೀ. ನಾರು ನಿಜದಲ್ಲಿ 36 ಸೆಂ.ಮೀ. ಹುಲ್ಲು. ಒಂದೂವರೆ ಸೆಂ.ಮೀ. ಬಿಟ್ಟರೆ ಮನುಷ್ಯನ ಸೊಂಟ ದಾಟುತ್ತದೆ. ಏರಿಯ ಮೇಲೆ ಉದ್ದ, ವಿಮಾನದ ಹತ್ತಿರ ಗಿಡ್ಡ, ಓಡಾಡುವ ಕಡೆ ಇಲ್ಲವೇ ಇಲ್ಲ. ಏರಿಯ ಮೂಲೆಯಲ್ಲಿ ಮಡಚಿಟ್ಟ ಮರೆಬಲೆ (ವಿಮಾನ ಶತ್ರುವಿಗೆ ಕಾಣದ ಹಾಗೆ ಮುಚ್ಚುವ ಬಲೆ) ಬೇಕೆನಿಸಿದರೆ ಗಾಜ್ ಬ್ಯಾಂಡೇಜಿಗೆ ಬಣ್ಣ, ಫೆವಿಕಾಲ್ ಕುಡಿಸಿ ಮುದುಡಿ ಇಡಿ.

9. ಜನ ಮತ್ತು ಪೀಪಾಯಿ

ಐದು ಜನಕ್ಕಿಂತ ಜಾಸ್ತಿ ಬೇಡ. 1/72ರಲ್ಲಿ ಮನುಷ್ಯ ಸುಮಾರು 2.4 ಸೆಂ.ಮೀ. ಏರ್‌ಫಿಕ್ಸಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಸಿಬ್ಬಂದಿ ಸೆಟ್‌ಗಳು ಕೆಲಸಕ್ಕೆ ಬರುತ್ತವೆ, ಆದರೆ ಅವರು ಇಂಗ್ಲೆಂಡಿನ ಚಳಿಗೆ ಬಟ್ಟೆ ತೊಟ್ಟವರು. ದಪ್ಪ ಕೋಟು ಇಲ್ಲದವರನ್ನು ಆರಿಸಿ. ತೋಳು ಮಡಚಿದ ಅಂಗಿ, ಖಾಕಿ ಚಡ್ಡಿ ಸರಿಹೋಗುತ್ತದೆ. ಸಿಖ್ಖರ ಪೇಟಕ್ಕೆ ಎಂ-ಸೀಲನ್ನು ದಾರದಷ್ಟು ತೆಳುವಾಗಿ ಹೊಸೆದು ತಲೆಗೆ ಸುತ್ತಿ, ಒದ್ದೆ ಸೂಜಿಯಿಂದ ಮಡಿಕೆ ಎಳೆಯಿರಿ. ಡಬ್ಬಿಯ 'ಫ್ಲೆಶ್' ಬಣ್ಣ ಗುಲಾಬಿ. ನಮ್ಮ ಜನಕ್ಕೆ ಕಂದು ಬೆರೆಸಿಕೊಳ್ಳಬೇಕು, ಎಲ್ಲರಿಗೂ ಒಂದೇ ಕಂದು ಹಚ್ಚಬಾರದು. ಕಪ್ಪಗಿನವರು, ಎಣ್ಣೆಗೆಂಪಿನವರು, ಬೆಳ್ಳಗಿನವರು ಎಲ್ಲರೂ ಇದ್ದರು.

ಪ್ರತಿಯೊಬ್ಬನೂ ಏನೋ ನೋಡುತ್ತಿರಬೇಕು, ಏನೋ ಮಾಡುತ್ತಿರಬೇಕು. ಸುಮ್ನೆ ನಿಂತವರು ಬೇಡ.

200 ಲೀಟರ್ ಪೀಪಾಯಿ ಈ ಅಳತೆಯಲ್ಲಿ 8 ಮಿ.ಮೀ. ಅಗಲ, 12 ಮಿ.ಮೀ. ಎತ್ತರ. ಅಷ್ಟೇ ದಪ್ಪದ ಹಳೆಯ ಪೆನ್ನಿನ ಕೊಳವೆ ಕತ್ತರಿಸಿ, ಎರಡು ಕಡೆ ಹೊಲಿಗೆ ದಾರ ಸುತ್ತಿ ಅಂಟಿಸಿದರೆ ಬಳೆಗಳೂ ಆದವು. ಮೂರು ನಾಲ್ಕು ಸಾಕು. ಒಂದೊಂದು ತೊಟ್ಟು ಪೆಟ್ರೋಲೂ ವಿಮಾನದಲ್ಲಿ ಬರುತ್ತಿದ್ದ ಕಾಲ ಅದು, ರಾಶಿ ಹಾಕಿದರೆ ಕಥೆಯೇ ಕೆಡುತ್ತದೆ. ಪೆಟ್ರೋಲ್ ಕೊಳವೆಗೆ ಮೆತ್ತನೆಯ ತಾಮ್ರದ ತಂತಿಗೆ ಕಪ್ಪು ಬಳಿಯಿರಿ. ಪೀಪಾಯಿಯಿಂದ ನೆಲಕ್ಕೆ ಬಿದ್ದು, ಅಲ್ಲಿಂದ ರೆಕ್ಕೆಗೆ ಏರಲಿ. ನೇರ ಗೆರೆ ಎಳೆದ ಹಾಗೆ ಗಾಳಿಯಲ್ಲಿ ನಿಲ್ಲಬಾರದು.

10. ಸೇರಿಸುವುದು, ಕಾಪಾಡುವುದು

ವಿಮಾನವನ್ನು ಚಕ್ರದ ತಗ್ಗಿನಲ್ಲಿ ಕೂರಿಸಿ ಮೂರೂ ಚಕ್ರದ ಅಡಿಗೆ ಫೆವಿಕಾಲ್ ಹಾಕಿ. ಒಣಗಿದ ಮೇಲೆ ನೆಲಕ್ಕೆ ಕಲಸಿದ ಅದೇ ಕೆಸರನ್ನು ತೆಳು ಮಾಡಿ ಚಕ್ರಕ್ಕೆ, ರೆಕ್ಕೆಯ ಅಡಿಗೆ, ಬಾಲದ ಚಕ್ರದ ಸುತ್ತ ಸಿಡಿಸಿ. ಬೇರೆ ಬಣ್ಣದ ಕೆಸರಾದರೆ ವಿಮಾನ ಬೇರೆ ಊರಿಂದ ಬಂದಿದೆ ಅನಿಸುತ್ತದೆ.

ಫಲಕದಲ್ಲಿ "ಹಾಕರ್ ಹರಿಕೇನ್, ನಂ. 1 ಸ್ಕ್ವಾಡ್ರನ್, ಇಂಡಿಯನ್ ಏರ್ ಫೋರ್ಸ್, ಇಂಫಾಲ, ಜೂನ್ 1944" ಅಂತ ಬರೆಯಿರಿ. 'ರಾಯಲ್' ಸೇರಿಸಬೇಡಿ, ಆ ಪದ ಹೆಸರಿಗೆ ಸೇರಿದ್ದು 1945ರ ಮಾರ್ಚ್‌ನಲ್ಲಿ.

ಮೇಲೆ ಅಕ್ರಿಲಿಕ್ ಮುಚ್ಚಳ ಮಾಡಿಸಿ. ನಾರಿನ ಹುಲ್ಲಿನಲ್ಲಿ ಕೂತ ಧೂಳನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ನೇರ ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಮಳೆಗಾಲದಲ್ಲಿ ಮುಚ್ಚಳದ ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಷೋಕೇಸಿನಲ್ಲಿ ಇಡುವುದಾದರೆ ಮೊದಲು ಅಲ್ಲಿರುವ ನುಸಿಗುಳಿಗೆಗಳನ್ನು ತೆಗೆದುಬಿಡಿ. ಮುಚ್ಚಿದ ಜಾಗದಲ್ಲಿ ಅದರ ಆವಿ ಕಿಟ್‌ನ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.